ಕಾಮನ್.ಎಚ್ ಮುಟ್ಟಿದರೆ ಎಲ್ಲಾ ಫೈಲೂ ಮತ್ತೆ ಕಂಪೈಲ್ ಆಗುತ್ತೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಅಕ್ಕ. ನಾನು ಗೋಣಿಕೊಪ್ಪದವನು. ಕಾಫಿ ತೋಟಗಳಲ್ಲಿ ಇಡುವ ಮಳೆಮಾಪಕಕ್ಕೆ ಸಿ ಭಾಷೆಯಲ್ಲಿ ಕೋಡ್ ಬರೆಯುತ್ತೇನೆ. ಹಿಂದೆ ಇದ್ದವರು ಕಾಮನ್.ಎಚ್ ಅಂತ ಒಂದು ಹೆಡರ್ (ಬೇರೆ ಫೈಲ್‌ಗಳು ಹಂಚಿಕೊಳ್ಳುವ ಘೋಷಣೆಗಳ ಫೈಲ್) ಮಾಡಿ, ಉಳಿದ ಹೆಡರ್‌ಗಳನ್ನೆಲ್ಲ ಅದರೊಳಗೆ ತುಂಬಿಸಿದ್ದಾರೆ. ಅದರಲ್ಲಿ ಒಂದು ಸಾಲು ಬದಲಿಸಿದರೂ 140 ಫೈಲ್ ಮತ್ತೆ ಕಂಪೈಲ್ ಆಗುತ್ತವೆ, ಅಂದರೆ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಮತ್ತೆ ಬದಲಾಗುತ್ತವೆ. ಮಳೆಗಾಲದಲ್ಲಿ ಇಲ್ಲಿಯ ಕರೆಂಟ್ ಕಥೆ ನಿಮಗೂ ಗೊತ್ತು. ಬಿಲ್ಡ್ ಮುಗಿಯೋ ಹೊತ್ತಿಗೆ ಲ್ಯಾಪ್‌ಟಾಪ್ ಬ್ಯಾಟರಿ ಅರ್ಧಕ್ಕೆ ಇಳಿದಿರುತ್ತದೆ. ಇನ್‌ಕ್ಲೂಡ್ ಸಾಲುಗಳನ್ನು ಒಂದೊಂದಾಗಿ ಅಳಿಸಿ, ಕಂಪೈಲ್ ಆದರೆ ಹಾಗೇ ಬಿಡಬಹುದಾ?

ಉತ್ತರ: ಬೇಡಿ. ಕಂಪೈಲ್ ಆಯಿತು ಅನ್ನೋದನ್ನೇ ನಂಬಿ ಅಳಿಸಬೇಡಿ.

ಇನ್‌ಕ್ಲೂಡ್ ಅಂದರೆ ಆ ಹೆಡರ್‌ನಲ್ಲಿರೋದನ್ನೆಲ್ಲ ತಂದು ಆ ಜಾಗದಲ್ಲಿ ಸುರಿಯೋದು, ಅಷ್ಟೇ. ನೀವು ಅಳಿಸಿದ ಹೆಡರ್ ಇನ್ನೊಂದು ಹೆಡರ್‌ನ ಜೊತೆ ಒಳಗೆ ಬಂದಿರಬಹುದು. ಇವತ್ತು ನಡೆಯುತ್ತದೆ. ನಾಳೆ ಆ ಇನ್ನೊಂದನ್ನು ತೆಗೆದಾಗ ಸಂಬಂಧವೇ ಇಲ್ಲದ ಫೈಲ್ ಮುರಿಯುತ್ತದೆ.

ನನಗೆ ಜಾಸ್ತಿ ಭಯ ಇರೋದು ಮ್ಯಾಕ್ರೋ (ಕೋಡ್‌ನಲ್ಲಿ ಒಂದು ಬೆಲೆಗೆ ಇಟ್ಟ ಹೆಸರು) ಬಗ್ಗೆ. ತೋಟದವರು ಮಳೆ ಲೆಕ್ಕವನ್ನು ಇಂಚು, ಸೆಂಟಲ್ಲೇ (ಇಂಚಿನ ನೂರನೇ ಒಂದು ಭಾಗ) ಬರೆದಿಡೋದು ಅಲ್ವಾ? ಕಾನ್ಫಿಗ್.ಎಚ್‌ನಲ್ಲಿ ಯೂಸ್_ಇಂಚ್ ಅನ್ನೋ ಮ್ಯಾಕ್ರೋಗೆ 1 ಕೊಟ್ಟಿದ್ದೀರಿ ಅಂದುಕೊಳ್ಳಿ. ಆ ಹೆಡರ್ ತೆಗೆದರೆ ಎರರ್ ಬರಲ್ಲ. ಹ್ಯಾಶ್ ಇಫ್ (ಷರತ್ತು ನೋಡುವ) ಸಾಲಿನಲ್ಲಿ ಗೊತ್ತಿಲ್ಲದ ಹೆಸರು ಕಂಡರೆ ಪ್ರಿಪ್ರೊಸೆಸರ್, ಅಂದರೆ ಕಂಪೈಲ್‌ಗೆ ಮೊದಲು ಇಂಥ ಸಾಲುಗಳನ್ನು ಓದುವ ಭಾಗ, ಅದನ್ನು 0 ಅಂತ ತಿಳಿದು ಸುಮ್ನೆ ಮುಂದೆ ಹೋಗುತ್ತದೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಒಂದು ಇಂಚು ಬಿದ್ದ ದಿನ ಪರದೆ ಮೇಲೆ 1ರ ಬದಲು ಮಿಲಿಮೀಟರ್ ಲೆಕ್ಕದ 25.4 ಅಂತ ಬರುತ್ತದೆ. ತೋಟದವರು ಅದನ್ನು ನೋಡಿ ನೀರು ಬಿಡೋದಾ ಬೇಡವಾ ಅಂತ ತೀರ್ಮಾನ ಮಾಡುತ್ತಾರೆ! ಹಾಗಾಗಿ ಮೊದಲು ಇಂಥ ಗೊತ್ತಿಲ್ಲದ ಹೆಸರನ್ನು ತೋರಿಸುವ ಡಬ್ಲ್ಯೂ-ಅನ್‌ಡೆಫ್ (-Wundef) ವಾರ್ನಿಂಗ್ ಹಾಕಿಕೊಳ್ಳಿ. ಆದರೆ ಹ್ಯಾಶ್ ಇಫ್‌ಡೆಫ್ (ಹೆಸರು ಇದೆಯಾ ಅಂತ ಮಾತ್ರ ನೋಡುವ ಸಾಲು) ಇರೋ ಕಡೆ ಅದೂ ಹೇಳಲ್ಲ, ಅವನ್ನು ಕಣ್ಣಲ್ಲೇ ನೋಡಬೇಕು.

ಆಮೇಲೆ ಒಂದೇ ನಿಯಮ ಹಿಡಿಯಿರಿ: ಫೈಲ್ ತಾನು ಬಳಸೋದನ್ನು ತಾನೇ ಇನ್‌ಕ್ಲೂಡ್ ಮಾಡಬೇಕು. ರೈನ್.ಸಿ ಫೈಲ್‌ನ ಮೊದಲ ಇನ್‌ಕ್ಲೂಡ್ ರೈನ್.ಎಚ್ ಆಗಿರಲಿ. ಆ ಹೆಡರ್‌ನಲ್ಲಿ ಏನಾದರೂ ಕೊರತೆ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಯಾವುದು ಯಾವುದನ್ನು ಎಳೆದು ತರುತ್ತದೆ ಅಂತ ನೋಡೋಕೆ ಜಿಸಿಸಿ ಕಂಪೈಲರ್‌ಗೆ ಹೈಫನ್ ಹಾಕಿ ದೊಡ್ಡಕ್ಷರದ ಎಚ್ (-H) ಕೊಡಿ, ಇಡೀ ಮರ ಕಾಣುತ್ತದೆ.

ಒಂದೇ ದಿನ ಮುಗಿಸೋ ಆಸೆ ಬೇಡ. ಲಿನಕ್ಸ್ ಕರ್ನಲ್‌ನ (ಲಿನಕ್ಸ್ ವ್ಯವಸ್ಥೆಯ ತಿರುಳು) ಹೆಡರ್ ಗಂಟು ಬಿಡಿಸೋಕೆ ಅದರ ಡೆವಲಪರ್ ಇಂಗೋ ಮೋಲ್ನಾರ್ 2022ರ ಜನವರಿಯಲ್ಲಿ 2,200ಕ್ಕೂ ಜಾಸ್ತಿ ಪ್ಯಾಚ್ (ಕೋಡ್ ಬದಲಾವಣೆ) ಮುಂದಿಟ್ಟರು.

ಪ್ರಶ್ನೆ: ಮರ ನೋಡಿದೆ ಅಕ್ಕ. ರೈನ್.ಎಚ್ ಒಂದೇ ಸೆನ್ಸರ್.ಎಚ್ ಮೂಲಕ 30 ಹೆಡರ್ ತರುತ್ತಿದೆ. ಅಲ್ಲಿ ಬೇಕಿರೋದು ಸೆನ್ಸರ್ ಸ್ಟ್ರಕ್ಟ್‌ನ (ಹಲವು ಡೇಟಾ ಸೇರಿಸಿ ಮಾಡಿದ ಗುಂಪು) ಪಾಯಿಂಟರ್, ಅಂದರೆ ಮೆಮೊರಿ ವಿಳಾಸ ಮಾತ್ರ.

ಉತ್ತರ: ಹಾಗಿದ್ದರೆ ರೈನ್.ಎಚ್‌ನಿಂದ ಆ ಇನ್‌ಕ್ಲೂಡ್ ತೆಗೆದು, "ಸ್ಟ್ರಕ್ಟ್ ಸೆನ್ಸರ್;" ಅಂತ ಒಂದು ಸಾಲು ಬರೆಯಿರಿ, ಸಾಕು. ಪಾಯಿಂಟರ್‌ಗೆ ಒಳಗೆ ಏನಿದೆ ಅಂತ ಗೊತ್ತಿರಬೇಕಿಲ್ಲ. ಸ್ಟ್ರಕ್ಟ್‌ನ ಒಳಗಿನ ಸದಸ್ಯ ಮುಟ್ಟೋದು ರೈನ್.ಸಿ ತಾನೇ? ಸೆನ್ಸರ್.ಎಚ್ ಅನ್ನು ಅಲ್ಲಿಗೆ ಸಾಗಿಸಿ. ಅದಷ್ಟನ್ನೇ ಒಂದು ಕಮಿಟ್ (ದಾಖಲಾಗಿ ಉಳಿಯುವ ಬದಲಾವಣೆ) ಮಾಡಿ, ಮಾಪಕಕ್ಕೆ ನೀರು ಸುರಿದು ಅಂಕಿ ನೋಡಿ, ಆಮೇಲೆ ಮುಂದಿನ ಹೆಡರ್‌ಗೆ ಕೈ ಹಾಕಿ.