ಕರೆಂಟು ಹುಟ್ಟೋದು ನಮ್ಮ ಕಡೆ, ರೇಟು ನಿಗದಿ ಮಾಡೋದು ಯಾರು?

ಬಳ್ಳಾರಿ ಹೊಲಿಗೆ:
ಎಲ್ಲರಿಗೂ ನಮಸ್ಕಾರ. ನನ್ನದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಕುಡಿತಿನಿಯಲ್ಲಿ ಬಿಟಿಪಿಎಸ್, ಶಕ್ತಿನಗರದಲ್ಲಿ ಆರ್‌ಟಿಪಿಎಸ್, ಯರಮರಸ್‌ನಲ್ಲಿ ವೈಟಿಪಿಎಸ್, ಈ ಮೂರು ಕಲ್ಲಿದ್ದಲು ವಿದ್ಯುತ್ ಸ್ಥಾವರ ಸೇರಿದರೆ 5,000 ಮೆಗಾವ್ಯಾಟ್‌ಗೂ ಜಾಸ್ತಿ ಸಾಮರ್ಥ್ಯ. ಬೂದಿ, ಹೊಗೆ ನಮ್ಮ ಊರುಗಳಿಗೆ. ಆದರೆ ಯೂನಿಟ್ ದರದಲ್ಲಿ ನಮಗೆ ಒಂದು ಪೈಸೆ ರಿಯಾಯಿತಿ ಇಲ್ಲ. ಮೇಲೆ ಪಿಂಚಣಿ, ಗ್ರಾಚ್ಯುಟಿ ಅಂತ ಬಿಲ್ಲಿನಲ್ಲಿ ಬೇರೆ ಸಾಲು. ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು? ಅವರನ್ನು ಕೇಳುವವರು ಯಾರಾದರೂ ಇದ್ದಾರಾ?

ಶಕ್ತಿನಗರದವ:
ಅಣ್ಣಾ, ಸ್ಥಾವರ ಪಕ್ಕದಲ್ಲಿದ್ದರೂ ಕರೆಂಟು ಗ್ರಿಡ್‌ಗೆ ಹೋಗಿ ಎಲ್ಲರದ್ದೂ ಒಂದಾಗುತ್ತದೆ, ಹಾಗಾಗಿ ಹತ್ತಿರ ಇರುವವರಿಗೆ ಅಗ್ಗ ಅನ್ನುವ ಲೆಕ್ಕ ಇಲ್ಲ. ಇನ್ನೊಂದು ವಿಷಯ ಜನರಿಗೆ ಗೊತ್ತೇ ಇರುವುದಿಲ್ಲ. ಸ್ಥಾವರಕ್ಕೆ ಎಸ್ಕಾಂಗಳು (ನಮಗೆ ಕರೆಂಟು ಹಂಚುವ ಕಂಪನಿಗಳು) ಕೊಡುವ ಹಣದಲ್ಲಿ ಎರಡು ಭಾಗ, ಒಂದು ಸುಟ್ಟ ಕಲ್ಲಿದ್ದಲಿಗೆ, ಇನ್ನೊಂದು ನಿಗದಿತ ವೆಚ್ಚ. ಲಾರಿಯನ್ನು ತಿಂಗಳ ಬಾಡಿಗೆಗೆ ಹಿಡಿದ ಹಾಗೆ, ಓಡದೇ ನಿಂತರೂ ಬಾಡಿಗೆ ಕೊಡಬೇಕು. ಹಗಲು ಪಾವಗಡದಿಂದ ಸೋಲಾರ್ ಬರುವಾಗ ನಮ್ಮ ಕಡೆಯ ಸ್ಥಾವರಗಳ ಉತ್ಪಾದನೆ ತಗ್ಗಿಸುತ್ತಾರೆ, ಕೆಲವು ಮಷೀನುಗಳನ್ನು ನಿಲ್ಲಿಸಿಯೇ ಬಿಡುತ್ತಾರೆ. ಮಷೀನು ಚಾಲೂ ಮಾಡಲು ರೆಡಿ ಇದ್ದರೆ ಸಾಕು, ಆ ನಿಗದಿತ ವೆಚ್ಚ ನಮ್ಮ ಬಿಲ್ಲಿಗೇ ಬರುತ್ತದೆ. ನಿಜವಾದ ಪ್ರಶ್ನೆ ಕೇಳಬೇಕಾದ್ದು ಇಲ್ಲಿ.

ಗಂಗಾವತಿ ರೈಸ್‌ಮಿಲ್:
ದರ ನಿಗದಿ ಮಾಡೋದು ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಬೆಂಗಳೂರಿನಲ್ಲಿದೆ. 1999ರಲ್ಲಿ ಶುರುವಾಯ್ತು. ಒಬ್ಬ ಅಧ್ಯಕ್ಷರು, ಇಬ್ಬರು ಸದಸ್ಯರು. 2003ರ ವಿದ್ಯುತ್ ಕಾಯ್ದೆ ಇವರಿಗೆ ಕೋರ್ಟಿನ ಹಾಗೆ ವಿಚಾರಣೆ ಮಾಡುವ ಅಧಿಕಾರ ಕೊಟ್ಟಿದೆ. ಎಸ್ಕಾಂ ತನ್ನ ಖರ್ಚಿನ ಲೆಕ್ಕ ಕೊಟ್ಟು ಇಷ್ಟು ಏರಿಸಿ ಅಂತ ಅರ್ಜಿ ಹಾಕುತ್ತದೆ, ಅದು ಪೇಪರಿನಲ್ಲಿ ಪ್ರಕಟ ಆಗಬೇಕು, ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದು, ಎಸ್ಕಾಂ ಉತ್ತರ ಕೊಡಬೇಕು, ಆಮೇಲೆ ಬಹಿರಂಗ ವಿಚಾರಣೆ. ನಮ್ಮ ಕಡೆಯ ಎಸ್ಕಾಂ ಆದ ಜೆಸ್ಕಾಂದು ಕಲಬುರಗಿಯಲ್ಲಿ ನಡೆಯುತ್ತದೆ.

ನೀವು ಹೇಳಿದ ಆ ಸಾಲು 2025ರ ಆದೇಶದ್ದು. ಹಳೆಯ ವಿದ್ಯುತ್ ಮಂಡಳಿಯ ನೌಕರರ ಪಿಂಚಣಿ, ಗ್ರಾಚ್ಯುಟಿಯಲ್ಲಿ ಸರ್ಕಾರದ ಪಾಲನ್ನು ಗ್ರಾಹಕರಿಂದ ವಸೂಲಿ ಮಾಡೋದು. 2025-26ಕ್ಕೆ ಯೂನಿಟ್‌ಗೆ 36 ಪೈಸೆ, 2026-27ಕ್ಕೆ 35, 2027-28ಕ್ಕೆ 34. ಅದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ನೌಕರರಿಗೆ ಪಿಂಚಣಿ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ, ಆದರೆ ಸರ್ಕಾರದ ಪಾಲು ಸರ್ಕಾರದ ಬಜೆಟ್‌ನಿಂದ ಬರಬೇಕಿತ್ತು, ಅಲ್ವಾ?

ಸಿಂಧನೂರು ರೈತ:
ಪಂಪ್‌ಸೆಟ್ ಬಗ್ಗೆ ಒಂದು ಮಾತು. ರೈತರಿಗೆ ಪುಕ್ಕಟೆ ಕೊಟ್ಟಿದ್ದಕ್ಕೇ ರೇಟು ಜಾಸ್ತಿ ಅಂತ ಸುಮ್ನೆ ಬೈಯುತ್ತಾರೆ. ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಸಬ್ಸಿಡಿ ಹಣವನ್ನು ಸರ್ಕಾರ ಮುಂಗಡವಾಗಿ ಕೊಡಬೇಕು. ಅದು ಹೊತ್ತಿಗೆ ಸರಿಯಾಗಿ ಬಂತಾ ಅಂತ ಕೇಳಿ, ರೈತನನ್ನು ಕೇಳಬೇಡಿ.

ಬಳ್ಳಾರಿ ಹೊಲಿಗೆ:
ಎಲ್ಲರಿಗೂ ಥ್ಯಾಂಕ್ಸ್. ಬೇಸಿಗೆಯಲ್ಲಿ ಹೊರಗಿನಿಂದ ಕರೆಂಟು ಕೊಳ್ಳುತ್ತಾರಲ್ಲ, ಆ ಮಾರ್ಕೆಟ್‌ನಲ್ಲಿ ಬಾಯಿಗೆ ಬಂದ ರೇಟು ಹೇಳಿದರೆ?

ಶಕ್ತಿನಗರದವ:
ಅದನ್ನು ನೋಡಿಕೊಳ್ಳೋದು ದೆಹಲಿಯ ಸಿಇಆರ್‌ಸಿ, ಅಂದರೆ ಕೇಂದ್ರದ ವಿದ್ಯುತ್ ನಿಯಂತ್ರಣ ಆಯೋಗ. ಕರೆಂಟು ಕೊಳ್ಳುವ, ಮಾರುವ ಆ ಮಾರ್ಕೆಟ್‌ಗೆ ಎಕ್ಸ್‌ಚೇಂಜ್ ಅನ್ನುತ್ತಾರೆ, ಶುರುವಾಗಿದ್ದು 2008ರಲ್ಲಿ. ದಿನವನ್ನು 15 ನಿಮಿಷದ 96 ಭಾಗ ಮಾಡಿ, ಒಂದೊಂದಕ್ಕೂ ಬೇಡಿಕೆ, ಪೂರೈಕೆ ನೋಡಿ ಬೇರೆ ಬೇರೆ ಬೆಲೆ ಕಟ್ಟುತ್ತಾರೆ. 2022ರ ಮಾರ್ಚ್‌ನಲ್ಲಿ ಯೂನಿಟ್‌ಗೆ 20 ರೂಪಾಯಿ ಮುಟ್ಟಿತ್ತು, ಆಗ ಸಿಇಆರ್‌ಸಿ 12 ರೂಪಾಯಿಗಿಂತ ಮೇಲೆ ಹೋಗಬಾರದು ಅಂತ ಮಿತಿ ಹಾಕಿತು, 2023ರಲ್ಲಿ 10ಕ್ಕೆ ಇಳಿಸಿತು. 2023ರ ಬರದಲ್ಲಿ ನಮ್ಮ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ಕರೆಂಟು ಕೊಡಬೇಕು ಅಂತ ಆದೇಶ ಮಾಡಿತು. ಅಂದರೆ ಮೂಗುದಾರ ಇದೆ, ಎಳೆಯೋದು ಮಾತ್ರ ಬೆಲೆ ಕೈಮೀರಿದ ಮೇಲೆ.

ಗಂಗಾವತಿ ರೈಸ್‌ಮಿಲ್:
ಈಗ ಮೂರು ವರ್ಷಕ್ಕೆ ಒಟ್ಟಿಗೇ ದರ ನಿಗದಿಯಾಗಿದ್ದರೂ ವರ್ಷದ ಲೆಕ್ಕ ಪರಿಶೀಲನೆ ಇದ್ದೇ ಇರುತ್ತದೆ. ಚಳಿಗಾಲದಲ್ಲಿ ಪೇಪರ್ ನೋಡ್ತಾ ಇರಿ. ದೊಡ್ಡ ಕಾರ್ಖಾನೆಗಳ ಪರವಾಗಿ ವಕೀಲರು ಬರುತ್ತಾರೆ, ನಮ್ಮಂಥ ಸಣ್ಣವರ ಅರ್ಜಿ ಇಲ್ಲದಿದ್ದರೆ ನಮ್ಮ ಮಾತು ದಾಖಲೆಗೇ ಸೇರುವುದಿಲ್ಲ. ಆದೇಶ ಒಪ್ಪಿಗೆ ಆಗದಿದ್ದರೆ 45 ದಿನದೊಳಗೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ನಿಮ್ಮ ಮೀಟರು, ಬಿಲ್ಲಿನದ್ದೇ ತಕರಾರು ಆದರೆ ದಾರಿ ಬೇರೆ, ಮೊದಲು ಜೆಸ್ಕಾಂನ ಸೆಕ್ಷನ್ ಆಫೀಸಿಗೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ, ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ದೂರು ಕೇಳುವ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್. ಜೀನ್ಸ್ ಯೂನಿಟ್‌ನವರೆಲ್ಲ ಸೇರಿ ಆಕ್ಷೇಪಣೆ ಹಾಕುವುದಾದರೆ ಹೇಳಿ, ನಮ್ಮ ಮಿಲ್ಲಿನವರು ಹಾಕಿದ ಅರ್ಜಿಯ ನಮೂನೆ ಕಳಿಸುತ್ತೇನೆ.