ಇಬ್ಬರಿಗೂ ಎಚ್. ಪೈಲೋರಿ, ಒಬ್ಬರಿಗೆ ಮಾತ್ರ ಹುಣ್ಣು: ತಳಿ ಬೇರೆನಾ?

ಮುಳಬಾಗಿಲು_ಆರೋಗ್ಯ:
ಶ್ರೀನಿವಾಸಪುರದ ಕಡೆ ಆಶಾ ಕಾರ್ಯಕರ್ತೆಯರಿಗೆ ಹೊಟ್ಟೆ ಹುಣ್ಣಿನ ಬಗ್ಗೆ ತಿಳಿಸಿಕೊಡಬೇಕಿದೆ. ಒಂದೇ ಮನೆಯ ತಾಯಿ, ಮಗ ಇಬ್ಬರಿಗೂ ಎಚ್. ಪೈಲೋರಿ (ಜಠರದಲ್ಲಿ ನೆಲೆಸುವ ಬ್ಯಾಕ್ಟೀರಿಯಾ) ಇದ್ದು, ಮಗನಿಗೆ ಸಣ್ಣ ಕರುಳಿನ ಶುರುವಿನಲ್ಲಿ ಹುಣ್ಣು, ತಾಯಿಗೆ ಬರೀ ಹೊಟ್ಟೆಯುಬ್ಬರ ಅಂದರೆ ಏನು ಹೇಳೋದು? ಕ್ಯಾಗ್‌ಎ (ಈ ಬ್ಯಾಕ್ಟೀರಿಯಾದ ಕೆಲವು ತಳಿಗಳಲ್ಲಿರುವ ಹಾನಿಕಾರಕ ಪ್ರೋಟೀನ್) ಟೆಸ್ಟ್ ಮಾಡಿಸಬೇಕಾ?

ಸೂಕ್ಷ್ಮಜೀವಿ:
ತಳಿಯ ಪಾಲು ಖಂಡಿತ ಇದೆ. ಕ್ಯಾಗ್‌ಎ ಇರುವ ತಳಿಗೆ ಸೂಜಿಯಂಥ ರಚನೆಯೂ ಇರುತ್ತೆ. ಅದರಿಂದ ಕ್ಯಾಗ್‌ಎ ಪ್ರೋಟೀನನ್ನು ಜಠರದ ಒಳಪದರದ ಕೋಶಕ್ಕೇ ಚುಚ್ಚುತ್ತೆ. ಕೋಶಗಳ ನಡುವಿನ ಬಿಗಿ ಸಡಿಲವಾಗುತ್ತೆ, ಬೆಳವಣಿಗೆಯ ಸೂಚನೆ ಕೆಡುತ್ತೆ, ಉರಿಯೂತ ಜೋರಾಗುತ್ತೆ. ಜಪಾನ್, ಕೊರಿಯಾ ಕಡೆಯ ಕ್ಯಾಗ್‌ಎ ಕೋಶದೊಳಗಿನ ಎಸ್‌ಎಚ್‌ಪಿ2 ಕಿಣ್ವಕ್ಕೆ ಇನ್ನೂ ಗಟ್ಟಿಯಾಗಿ ಅಂಟುತ್ತೆ. ನಮ್ಮಲ್ಲಿ ಹೆಚ್ಚಾಗಿ ಸಿಗೋದು ಪಾಶ್ಚಾತ್ಯ ಮಾದರಿಯದು. ಇನ್ನೊಂದು ವಿಷ ವ್ಯಾಕ್‌ಎ. ಅದರ ಜೀನ್ ಹೆಚ್ಚುಕಡಿಮೆ ಎಲ್ಲ ತಳಿಯಲ್ಲೂ ಇದೆ, ಆದರೆ ಎಸ್1ಎಮ್1 ರೂಪ ಕೋಶಕ್ಕೆ ತೂತು ಹಾಕುವಷ್ಟು ಕಟು, ಎಸ್2ಎಮ್2 ಬಹುತೇಕ ನಿರುಪದ್ರವಿ.

ಆದರೆ ಭಾರತದಲ್ಲಿ ಕ್ಯಾಗ್‌ಎ ತಳಿ ಹುಣ್ಣು ಇರುವವರಲ್ಲೂ ಇಲ್ಲದವರಲ್ಲೂ ಸಾಮಾನ್ಯ. ಆ ಟೆಸ್ಟ್‌ನಿಂದ ಚಿಕಿತ್ಸೆಯೂ ಬದಲಾಗಲ್ಲ. ಜನರ ದುಡ್ಡು ಅದಕ್ಕೆ ಹಾಕಿಸಬೇಡಿ.

ಅಂತರಗಂಗೆ:
ತಾಯಿ-ಮಗ ಅಂದರೆ ಒಂದೇ ತಳಿ ಇರುವ ಸಾಧ್ಯತೆಯೇ ಹೆಚ್ಚು; ಸೋಂಕು ಚಿಕ್ಕಂದಿನಲ್ಲಿ ಮನೆಯವರಿಂದಲೇ ದಾಟೋದು ಜಾಸ್ತಿ. ವ್ಯತ್ಯಾಸ ಉರಿಯೂತ ಎಲ್ಲಿ ಕೂತಿದೆ ಅನ್ನೋದರಲ್ಲಿದೆ. ಜಠರದ ಕೆಳಭಾಗದಲ್ಲಿ ಮಾತ್ರ ಇದ್ದರೆ ಆಸಿಡ್ ಹೆಚ್ಚಿ ಸಣ್ಣ ಕರುಳಿನಲ್ಲಿ ಹುಣ್ಣು. ಮೇಲ್ಭಾಗಕ್ಕೂ ಹರಡಿದರೆ ಆಸಿಡ್ ತಗ್ಗುತ್ತೆ, ವರ್ಷಗಳು ಕಳೆದಂತೆ ಜಠರದ ಹುಣ್ಣು, ಕ್ಯಾನ್ಸರ್‌ನ ಅಪಾಯ. ಬೀಡಿ, ಸಿಗರೇಟು ಇದೆಯಾ, ಮೈಕೈ ನೋವಿಗೆ ಡೈಕ್ಲೋಫೆನಾಕ್ ನುಂಗ್ತಾರಾ ಅಂತ ಮೊದಲು ಕೇಳಿಸಿ. ಸಾರಿನ ಕಾರದಿಂದ ಹುಣ್ಣಾಗಲ್ಲ, ಇದ್ದ ಉರಿ ಹೆಚ್ಚಬಹುದು ಅಷ್ಟೇ.

ಲ್ಯಾಬ್_ಕೋಲಾರ:
ಹೆಚ್ಚು ಎಡವೋದು ಟೆಸ್ಟ್‌ನಲ್ಲಿ. ಗ್ಯಾಸ್ಟ್ರಿಕ್ ಅಂತ ಅಂಗಡಿಯಲ್ಲಿ ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ತಗೊಂಡು ನುಂಗ್ತಾ ಬಂದಿರ್ತಾರೆ, ರಿಪೋರ್ಟ್ ಸುಳ್ಳು ನೆಗೆಟಿವ್ ಬರುತ್ತೆ. ಉಸಿರಿನ ಯೂರಿಯಾ ಟೆಸ್ಟ್, ಮಲದ ಆಂಟಿಜನ್ ಟೆಸ್ಟ್ ಎರಡಕ್ಕೂ ಆ ಮಾತ್ರೆ 2 ವಾರ, ಆಂಟಿಬಯಾಟಿಕ್ ಮತ್ತು ಬಿಸ್ಮತ್ ಇರುವ ಹೊಟ್ಟೆಯ ಔಷಧಿ 4 ವಾರ ಮುಂಚೆ ನಿಂತಿರಬೇಕು. ರಕ್ತದ ಆಂಟಿಬಾಡಿ ಟೆಸ್ಟ್ ಬೇಡ. ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಪಾಸಿಟಿವ್ ಇರುತ್ತೆ.

ಔಷಧಿ ಡಾಕ್ಟರೇ ಬರೆಯಬೇಕು, ಸಾಮಾನ್ಯವಾಗಿ 14 ದಿನ. 5-6 ದಿನಕ್ಕೆ ಆರಾಮಾಯ್ತು ಅಂತ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಆಂಟಿಬಯಾಟಿಕ್ ಆದ ಕ್ಲಾರಿಥ್ರೊಮೈಸಿನ್‌ಗೆ ಬಗ್ಗದಂತೆ ಆಗಬಹುದು. ಇನ್ನೊಂದು ಆಂಟಿಬಯಾಟಿಕ್ ಮೆಟ್ರೊನಿಡಜೋಲ್‌ಗೆ ನಮ್ಮಲ್ಲಿ ಈಗಾಗಲೇ ತುಂಬಾ ತಳಿಗಳು ಬಗ್ಗಲ್ಲ. ಕೋರ್ಸ್ ಮುಗಿದು 4 ವಾರ ಕಳೆದ ಮೇಲೆ ಮತ್ತೆ ಟೆಸ್ಟ್ ಆಗಲೇಬೇಕು.

ಮುಳಬಾಗಿಲು_ಆರೋಗ್ಯ:
ಆ 2 ವಾರ ಎದೆಯುರಿ ತಡೆಯಲ್ಲ ಅಂದರೆ?

ಲ್ಯಾಬ್_ಕೋಲಾರ:
ಡಾಕ್ಟರನ್ನು ಕೇಳಿ ಆಂಟಾಸಿಡ್ ಸಿರಪ್ ಕುಡಿಯಲಿ. ಮಲ ಟಾರಿನಂತೆ ಕಪ್ಪಗಾದರೆ, ರಕ್ತವಾಂತಿ ಆದರೆ ಟೆಸ್ಟ್‌ಗೆ ಕಾಯೋದು ಬೇಡ, ಮಾತ್ರೆಯನ್ನೂ ತಾವಾಗಿ ನಿಲ್ಲಿಸೋದು ಬೇಡ, ಆವತ್ತೇ ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಕಳಿಸಿ.