ಮಂಗಳೂರು ಅಲೋಶಿಯಸ್‌ನಲ್ಲಿ ರ‍್ಯಾಪಿಡ್ ಚೆಸ್ ಟೂರ್ನಿ: ಬೆಂಗಳೂರಿಂದ ಬೆಳಗ್ಗೆ 9ರೊಳಗೆ ತಲುಪೋದು ಹೇಗೆ?

ಆನೆಕುದುರೆ:
ಜುಲೈಯ ಒಂದು ಭಾನುವಾರ ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ ಫಿಡೆ (ವಿಶ್ವ ಚೆಸ್ ಸಂಸ್ಥೆ) ರೇಟೆಡ್ ರ‍್ಯಾಪಿಡ್ ಇದೆ. 15+5 (ಒಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 5 ಸೆಕೆಂಡ್ ಹೆಚ್ಚುವರಿ), ಏಳು ರೌಂಡ್. ರಿಪೋರ್ಟಿಂಗ್ 9ಕ್ಕೆ, ಮೊದಲ ರೌಂಡ್ 9.30ಕ್ಕೆ. ಆಡುವವನು 10 ವರ್ಷದ ಮಗ, ಜೊತೆಗೆ ಹೋಗುವವರು ಅವನ ತಾತ. ತಾತನಿಗೆ ಮಂಡಿನೋವು, ಮೆಟ್ಟಿಲು ಹತ್ತೋದು ಕಷ್ಟ. ಶನಿವಾರ ರಾತ್ರಿ ಹೊರಟರೆ ಸಾಕಾ? ರೈಲಾ, ಬಸ್ಸಾ? ಯಾವ ಸ್ಟೇಷನ್‌ನಲ್ಲಿ ಇಳಿಯಬೇಕು?

ಬಾವುಟಗುಡ್ಡೆ:
ಮೊದಲು ಪ್ರಾಸ್ಪೆಕ್ಟಸ್‌ನಲ್ಲಿ ವಿಳಾಸ ಸರಿಯಾಗಿ ಓದಿ. ಅಲೋಶಿಯಸ್ ಅಂದ್ರೆ ಒಂದೇ ಜಾಗ ಅಲ್ಲ ಮಾರಾಯ್ರೆ. 1880ರಲ್ಲಿ ಶುರುವಾದ ಹಳೇ ಸಂಸ್ಥೆ ಇರೋದು ಊರ ನಡುವೆ, ಲೈಟ್‌ಹೌಸ್ ಹಿಲ್ ರಸ್ತೆಯ ಗುಡ್ಡದ ಮೇಲೆ. ಅವರದ್ದೇ ಇನ್ನೊಂದು ಕ್ಯಾಂಪಸ್ ಕೋಟೆಕಾರಿನ ಬೀರಿಯಲ್ಲಿ ಉಂಟು, ಕೇರಳದ ಕಡೆ ಹೋಗುವ ಹೆದ್ದಾರಿಯಲ್ಲಿ, ಊರಿಂದ ಹತ್ತು ಕಿಲೋಮೀಟರಿಗೂ ಆಚೆ. ಮ್ಯಾಪಲ್ಲಿ ಬರೀ ‘ಅಲೋಶಿಯಸ್’ ಅಂತ ಹಾಕಿ ರಿಕ್ಷಾ ಹತ್ತಿದರೆ ಒಂದು ಗಂಟೆ ಹೋಯ್ತು ಅಂತಲೇ ಲೆಕ್ಕ.

ರೈಲಾದರೆ ಮಂಗಳೂರು ಸೆಂಟ್ರಲ್‌ವರೆಗೆ ಬರುವುದನ್ನೇ ಹಿಡಿಯಿರಿ. ಅಲ್ಲಿಂದ ಹಂಪನಕಟ್ಟೆ ದಾಟಿ ಸುಮಾರು ಒಂದೂವರೆ ಕಿಲೋಮೀಟರ್, ಕೊನೆಯ ತುಂಡು ಏರು. ತಾತನವರನ್ನು ನಡೆಸಬೇಡಿ, ರಿಕ್ಷಾ ಮಾಡಿ. ಮಂಗಳೂರು ಜಂಕ್ಷನ್ ಇರೋದು ಪಡೀಲ್ ಕಡೆ, ಅಲ್ಲಿಂದ ಐದಾರು ಕಿಲೋಮೀಟರ್ ಆಗ್ತದೆ. ಯಶವಂತಪುರದಿಂದ ಬರುವ ಹಗಲು ರೈಲುಗಳು ಜಂಕ್ಷನ್‌ಗೇ ಬರೋದು, ಅದೂ ದಿನಾ ಇಲ್ಲ.

ಎಲ್ಲರೂ ಎಡವೋದು ಪಂಚಗಂಗಾದಲ್ಲಿ. ‘ಬೆಂಗಳೂರು–ಕಾರವಾರ, ಹಾಗಾದ್ರೆ ಮಂಗಳೂರಿಗೆ ಬಂದೇ ಬರ್ತದೆ’ ಅಂತ ಟಿಕೆಟ್ ಮಾಡ್ತಾರೆ. ಆ ರೈಲು ಊರೊಳಗೆ ಬರೋದೇ ಇಲ್ಲ. ಬಂಟ್ವಾಳ ಆದ ಮೇಲೆ ಪಡೀಲ್‌ನಿಂದ ತಿರುಗಿ ನೇರ ಸುರತ್ಕಲ್‌ಗೆ ಹೋಗ್ತದೆ. ನಿಮಗೆ ಬೇಕಾದ್ದು ರಾತ್ರಿಯ ಕಣ್ಣೂರು ಎಕ್ಸ್‌ಪ್ರೆಸ್, ನಂಬರ್ 16511. ಮುರ್ಡೇಶ್ವರ ಎಕ್ಸ್‌ಪ್ರೆಸ್ ಕೂಡ ಸೆಂಟ್ರಲ್‌ಗೆ ಬರ್ತದೆ, ಆದರೆ ಮೈಸೂರು ಸುತ್ತಿ. 9ರ ರಿಪೋರ್ಟಿಂಗಿಗೆ ಅದನ್ನು ನಂಬಬಾರದು.

ಇಷ್ಟೆಲ್ಲ ಹೇಳಿದರೂ ಜುಲೈ ಅಂದ್ರೆ ಜುಲೈ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗ ಉಂಟು. ಹಳಿ ಮೇಲೆ ಮಣ್ಣು ಬಿದ್ದರೆ ರೈಲು ಅಲ್ಲೇ ನಿಲ್ತದೆ, ನಡುವೆ ಇಳಿದು ಬೇರೆ ದಾರಿ ಹಿಡಿಯುವ ಹಾಗೂ ಇಲ್ಲ. ನನ್ನನ್ನು ಕೇಳಿದರೆ ಶನಿವಾರ ಬೆಳಗ್ಗೆಯೇ ಹೊರಟು ರಾತ್ರಿ ಹಂಪನಕಟ್ಟೆ ಹತ್ತಿರ ರೂಮು ಮಾಡೋದೇ ಒಳ್ಳೇದು.

ಕರಿಬಿಳಿ_64:
ಮೇಲಿನದಕ್ಕೆ ನನ್ನದೂ ಒಂದು ಓಟು. ತಡವಾದರೆ ಏನಾಗುತ್ತದೆ ಅನ್ನೋದನ್ನು ಮಾತ್ರ ಸೇರಿಸುತ್ತೇನೆ.

ಇಲ್ಲಿ ಎರಡು ಬೇರೆ ಬೇರೆ ಗಡುವುಗಳಿವೆ. ರಿಪೋರ್ಟಿಂಗ್ ಮುಗಿಯುವಷ್ಟರಲ್ಲಿ ಹಾಜರಿ ಹೇಳದಿದ್ದರೆ ಯಾರು ಯಾರೊಡನೆ ಆಡಬೇಕೆಂದು ತೋರಿಸುವ ಮೊದಲ ರೌಂಡಿನ ಪೇರಿಂಗ್‌ಗೆ ಹೆಸರು ಹೋಗದೇ ಇರಬಹುದು. ಹೆಸರು ಹೋಗಿ ಹುಡುಗ ಬರದಿದ್ದರೆ ಡಿಫಾಲ್ಟ್ ಟೈಮ್ (ಎಷ್ಟು ತಡವಾದರೆ ಸೋಲು ಅನ್ನುವ ಮಿತಿ) ಲೆಕ್ಕಕ್ಕೆ ಬರುತ್ತದೆ. ಅದು ಎಷ್ಟು ಅಂತ ಟೂರ್ನಿಯ ನಿಯಮದಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಫಿಡೆ ನಿಯಮ 6.7ರ ಪ್ರಕಾರ ಅದು ಸೊನ್ನೆ, ಅಂದರೆ ಗಡಿಯಾರ ಶುರುವಾದಾಗ ಕುರ್ಚಿಯಲ್ಲಿ ಇಲ್ಲದಿದ್ದರೆ ಸೋಲು. ರೈಲು ತಡ ಅಂತ ಗೊತ್ತಾದ ಕೂಡಲೇ ಮುಖ್ಯ ತೀರ್ಪುಗಾರರಾದ ಚೀಫ್ ಆರ್ಬಿಟರ್‌ಗೆ ಫೋನ್ ಮಾಡಿ, ಮೊದಲ ರೌಂಡಿನಿಂದ ಹೆಸರು ಕೈಬಿಡಲು ಹೇಳಿ. ಅರ್ಧ ಅಂಕದ ಬೈ (ಆಡದೆಯೇ ಸಿಗುವ ಅಂಕ) ಕೊಡುತ್ತಾರೋ ಇಲ್ಲವೋ ಅದು ಪ್ರಾಸ್ಪೆಕ್ಟಸ್ ಮೇಲೆ. ಏನೇ ಆದರೂ ಎದುರಾಳಿ ಒಂಟಿಯಾಗಿ ಕಾಯೋದಂತೂ ತಪ್ಪುತ್ತದೆ.

ಮೆಟ್ಟಿಲಿನ ವಿಷಯ: ಇಂಥ ಹಳೇ ಶಾಲೆಗಳಲ್ಲಿ ಆಟದ ಹಾಲ್ ಮೇಲಿದೆಯೋ ಕೆಳಗಿದೆಯೋ ಅಂತ ಮೊದಲೇ ಕೇಳಿಕೊಳ್ಳಿ. ಆಡುವವರಿಗೇ ತೊಂದರೆ ಇದ್ದರೆ ನೆಲಮಹಡಿಯಲ್ಲೇ ಬೋರ್ಡ್ ಕೊಡಿ ಅಂತ ಮುಂಚೆ ಬರೆದು ಕೇಳಬಹುದು. ಇಲ್ಲಿ ತೊಂದರೆ ತಾತನವರಿಗೆ. ಹೇಗೂ ಪೋಷಕರನ್ನು ಹಾಲ್ ಒಳಗೆ ಬಿಡುವುದಿಲ್ಲ, ಅವರು ಕೆಳಗೇ ಕೂತಿರಲಿ. ಹುಡುಗನಿಗೆ ಪೇರಿಂಗ್ ಶೀಟಿನಲ್ಲಿ ತನ್ನ ಹೆಸರು, ಬೋರ್ಡ್ ನಂಬರ್, ಬಣ್ಣ ನೋಡಿಕೊಳ್ಳೋದು ಕಲಿಸಿ ಕಳಿಸಿ. ಎಡಗಡೆ ಕಾಲಮ್ ಬಿಳಿ. ಬೋರ್ಡ್ ನಂಬರ್ ಬದಲು ಸ್ಟಾರ್ಟಿಂಗ್ ನಂಬರ್ (ಆಟಗಾರರ ಪಟ್ಟಿಯ ಕ್ರಮಸಂಖ್ಯೆ) ನೋಡಿ ಬೇರೆಯವರ ಕುರ್ಚಿಯಲ್ಲಿ ಕೂರುವ ಮಕ್ಕಳು ಪ್ರತಿ ಟೂರ್ನಿಯಲ್ಲೂ ಸಿಗುತ್ತಾರೆ.

ಫೋನು, ಸ್ಮಾರ್ಟ್‌ವಾಚು ಎರಡೂ ತಾತನ ಹತ್ತಿರವೇ ಇರಲಿ. ಆಫ್ ಆಗಿದ್ದರೂ ಜೇಬಿನಲ್ಲಿ ಸಿಕ್ಕರೆ ಆ ಆಟ ಹೋಯಿತು.

ಆನೆಕುದುರೆ:
ಇಬ್ಬರಿಗೂ ಧನ್ಯವಾದ ಸರ್. ಪಂಚಗಂಗಾಕ್ಕೇ ಟಿಕೆಟ್ ನೋಡ್ತಾ ಇದ್ದೆ! ಶನಿವಾರ ಬೆಳಗಿನ ಬಸ್ಸಿಗೆ ಹೊರಟರೆ ಎಲ್ಲಿ ಇಳಿಯಬೇಕು? ಭಾನುವಾರ ವಾಪಸ್ ಬರಲು ಎಷ್ಟು ಗಂಟೆಗೆ ಬುಕ್ ಮಾಡಲಿ?

ಶಿರಾಡಿ_ಸವಾರಿ:
ಬೆಂಗಳೂರಿಂದ ರಸ್ತೆ ಸುಮಾರು 350 ಕಿಲೋಮೀಟರ್, ಶಿರಾಡಿ ಘಾಟಿ ಸರಿಯಿದ್ದರೆ ಏಳೆಂಟು ಗಂಟೆ. ಶಿರಾಡಿ ಮುಚ್ಚಿದರೆ ಬಸ್ಸು ಚಾರ್ಮಾಡಿಗೋ ಮಡಿಕೇರಿ–ಸಂಪಾಜೆಗೋ ತಿರುಗುತ್ತದೆ. ತಡವಾಗುತ್ತದೆ, ಆದರೂ ತಲುಪುತ್ತದೆ. ಮಳೆಗಾಲದಲ್ಲಿ ರೈಲಿಗಿಂತ ಬಸ್ಸು ವಾಸಿ ಅನ್ನೋದು ಇದಕ್ಕೇ. ಕೆಎಸ್ಸಾರ್ಟಿಸಿ ನಿಲ್ದಾಣ ಬಿಜೈಯಲ್ಲಿದೆ, ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಪಂಪ್‌ವೆಲ್, ಕಂಕನಾಡಿ ಆದ ಮೇಲೆ ಜ್ಯೋತಿ ಸರ್ಕಲ್ ಬರುತ್ತದೆ. ಬಸ್ಸು ಆ ದಾರಿಯಲ್ಲೇ ಹೋಗುತ್ತದಾ ಅಂತ ಕಂಡಕ್ಟರನ್ನು ಕೇಳಿ, ಅಲ್ಲೇ ಇಳಿಯಿರಿ.

ವಾಪಸಿಗೆ ಲೆಕ್ಕ ಹೀಗೆ: 15+5ರಲ್ಲಿ 60 ನಡೆಯ ಆಟ ಆದರೆ ಒಬ್ಬರಿಗೆ 20 ನಿಮಿಷ, ಇಬ್ಬರದೂ ಸೇರಿ 40. ಫಲಿತಾಂಶ ತುಂಬಿಸಿ ಪೇರಿಂಗ್ ಹಾಕುವಷ್ಟರಲ್ಲಿ ರೌಂಡಿಗೆ ಒಂದು ಗಂಟೆ. ಏಳು ರೌಂಡು, ಮಧ್ಯೆ ಊಟ, 5.30 ಆಗೇ ಆಗುತ್ತದೆ. ಬಹುಮಾನ ವಿತರಣೆ ಇನ್ನೊಂದು ಗಂಟೆ. ರಾತ್ರಿ 9ರ ನಂತರದ ಬಸ್ಸೇ ಬುಕ್ ಮಾಡಿ.

ಬಾವುಟಗುಡ್ಡೆ:
ಊಟದ ಬಿಡುವಿನಲ್ಲಿ ಆವರಣದ ಚಾಪೆಲ್ ತೆರೆದಿದೆಯಾ ಅಂತ ಗೇಟಿನಲ್ಲಿ ಕೇಳಿ. ಒಳಗಿನ ಚಿತ್ರಗಳು ಇಟಲಿಯ ಆಂಟೋನಿಯೊ ಮೊಸ್ಕೇನಿಯವು, 1899ರಿಂದ 1901ರ ನಡುವೆ ಬಿಡಿಸಿದ್ದು. ಭಾನುವಾರ ಪೂಜೆಯ ಹೊತ್ತಿಗೆ ಮಾತ್ರ ಹೋಗಬೇಡಿ. ಮತ್ತೆ ಎರಡು ಕೊಡೆ ತನ್ನಿ, ಒಂದು ಸಾಲದು.